ಕೇಳಲು ಹೋದ ಶುಕ್ರವಾರ

ಕಪ್ಪು ಜನಾಂಗದ ಯುವತಿಯರಿಗೆ ಮಾರ್ಗದರ್ಶನ ನೀಡುವ ಸಂಸ್ಥೆಯೊಂದರ ಸಲಹಾ ಮಂಡಳಿಗೆ ನಾನು ಆಗಷ್ಟೇ ಸೇರಿದ್ದೆ. ಅಮೆರಿಕದ ಪಾಲೋ ಆಲ್ಟೋದಲ್ಲಿ ನಡೆದ ಮೀಟಿಂಗಿನಲ್ಲಿ ಹುಡುಗಿಯರಿಗೆ ಯಾವ ತರಬೇತಿ ಕೊಡಬೇಕೆಂದು ಚರ್ಚಿಸುತ್ತಿದ್ದೆವು. ನಮ್ಮ ಅಧ್ಯಕ್ಷೆ ಅದೇ ಜನಾಂಗದವರು, ನಿವೃತ್ತ ಹೃದಯತಜ್ಞೆ. ಅವರು, ಸಂಸ್ಥೆಯ ಪರವಾಗಿ ಮೀಟಿಂಗಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳನ್ನೇ ಕೇಳಿದರು: "ನಿನಗೇನು ಬೇಕಮ್ಮ?"

"ಶುಕ್ರವಾರ ಕಾಲೇಜಲ್ಲಿ ನನ್ನ ಪ್ರೆಸೆಂಟೇಶನ್ ಇದೆ. ಅಲ್ಲಿ ನನ್ನಂಥವರು ಯಾರೂ ಇರಲ್ಲ. ನೀವು ಬಂದು ಕೂತ್ಕೊಂಡ್ರೆ ಸಾಕು."

ಮಂಡಳಿಯವರೆಲ್ಲ ಹೋದೆವು. ಅಧ್ಯಕ್ಷೆ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಹಾಳೆ ನೋಡಿಕೊಂಡೇ ಓದಲು ಶುರು ಮಾಡಿದ ಹುಡುಗಿ ತಲೆಯೆತ್ತಿ ಅವರನ್ನು ಕಂಡಳು. ಆಮೇಲೆ ಕೈಯಲ್ಲಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು, ಹೃದಯದ ಕೃತಕ ಕವಾಟದ ಬಗ್ಗೆ ತಾನು ಕಂಡುಕೊಂಡದ್ದನ್ನು ನಿರರ್ಗಳವಾಗಿ ವಿವರಿಸಿದಳು.

ಅಧ್ಯಕ್ಷೆ ನನ್ನತ್ತ ಬಾಗಿ, "ಈ ವಿಷಯ ನಂಗೇ ಗೊತ್ತಿರ್ಲಿಲ್ಲ," ಎಂದು ಪಿಸುಗುಟ್ಟಿದರು.