ಕುಂದ್ರದ ನೀಲಗಂಗವ್ವ

ನೀಲಗಂಗವ್ವ ತನ್ನ ಗಂಡ ಬಾಳಪ್ಪನನ್ನು ನೋಡಿದ್ದೆಲ್ಲ ಸಾಂಗ್ಲಿಯ ಅರಿಸಿನ ಅಂಗಡಿಯ ಗಾದಿಯ ಮೇಲೆಯೇ. ಇವತ್ತು ಗುಡ್ಡದ ಮೇಲೆ ಪ್ಯಾರಾಗ್ಲೈಡರ್ ಹಾರಿಸುವ ಪ್ರತೀಕ ಅವನನ್ನು ತನ್ನ ಮುಂದೆ ಕಟ್ಟಿಕೊಂಡು ಸೀಟಿನ ಪಟ್ಟಿ ಬಿಗಿದ, ಹಗ್ಗ ನೋಡಿದ, ಗಾಳಿ ನೋಡಿದ. "ಕಾಕಾ, ಕಾಲು ನೆಲಾ ಬಿಡೂತನಕಾ ಓಡ್ರಿ. ನಡುವ ಕುಂದರಬ್ಯಾಡ್ರಿ."

ನಾಲ್ಕು ಹೆಜ್ಜೆ ಓಡುವುದರೊಳಗೆ ಸೀಟು ಕುಂಡಿಗೆ ತಾಗಿದ್ದೇ ತಡ, ಬಾಳಪ್ಪ ಗಾದಿ ಸಿಕ್ಕವನಂತೆ ಕೂತೇಬಿಟ್ಟ. ಇಬ್ಬರೂ ಹುಲ್ಲಿನಲ್ಲಿ ಉರುಳಿದರು.

ಸೆರಗು ಬಾಯಿಗಿಟ್ಟು ನಕ್ಕ ನೀಲಗಂಗವ್ವ ಅದನ್ನೇ ಸೊಂಟಕ್ಕೆ ಸಿಕ್ಕಿಸಿ, "ಇನ್ನ ನನ್ನ ಪಾಳಿ" ಎಂದಳು. ಕಚ್ಚೆ ಬಿಗಿದು, ಹೆಲ್ಮೆಟ್ ಹಾಕಿ ಓಡಿದ್ದೇ ಓಡಿದ್ದು. ನೆಲ ಬಿಟ್ಟ ಮೇಲೂ ಕಾಲು ನಿಲ್ಲಲಿಲ್ಲ.

"ಮಾವಶಿ, ಹಾರಾಕತ್ತೀವಿ, ಈಗ ಕುಂದ್ರಿ!" ಎಂದ ಬೆನ್ನಿಗಿದ್ದ ಪ್ರತೀಕ.

ಕೆಳಗಿದ್ದ ಗಂಡನಿಗೂ ಕೇಳುವಂತೆ ಅವಳು ಕೂಗಿದಳು: "ರೂಢಿ ಇಲ್ಲಪಾ! ಇವರ ಮನೀಗೆ ಬಂದಾಗಿಂದ ನಾ ಯಾವಾಗ ಕುಂತೇನಿ?"