ಉಸಿರು ಸೋತವರಿಗೆ ಯಾಮ್ನಾ ತಟ್ಟುವ ಕಂದು ರೊಟ್ಟಿ

"ತಮ್ಮನ ತಟ್ಟೆಗೆ ಯಾವತ್ತೂ ಹೊಟ್ಟಿನ ರೊಟ್ಟಿ ಹಾಕಲ್ಲಮ್ಮ" ಎಂದು ಸಾಯುತ್ತಿದ್ದ ತಾಯಿಗೆ ಮಾತು ಕೊಟ್ಟಾಗ ಯಾಮ್ನಾಗೆ ಇನ್ನೂ ಮದುವೆಯಾಗಿರಲಿಲ್ಲ. ಹಸಿವಿನ ವರ್ಷಗಳಲ್ಲಿ ಬರೀ ಗೋಧಿ ಹೊಟ್ಟು ಕಲಸಿ ತಿಂದು ಮಕ್ಕಳನ್ನು ಸಾಕಿದ ತಾಯಿ ಆಕೆ.

ಈಗ ಬೆಳಗಿನ ಅಜಾನ್‌ಗೂ ಮುಂಚೆ ಯಾಮ್ನಾ ಓಣಿಯ ರೊಟ್ಟಿ ಭಟ್ಟಿಯ ಮುಂದಿದ್ದಾರೆ, ಮೊಣಕೈವರೆಗೂ ಹಿಟ್ಟು. ಮೊರೊಕ್ಕೊದ ಪೂರ್ವದಂಚಿನ ಈ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಧೂಳು ಮಾತ್ರ ಗಂಡಸರ ಎದೆಯಲ್ಲೇ ಉಳಿದಿದೆ. ತಮ್ಮ ಅಲ್ಲಾಲನ ಎದೆಯಲ್ಲೂ.

ಕಾಯಿಲೆಯವರಿಗೆ ಹಿಟ್ಟನ್ನು ಮತ್ತೆ ಮತ್ತೆ ಜರಡಿ ಹಿಡಿದು ಬೆಳ್ಳನೆಯ ರೊಟ್ಟಿ ಕೊಡುವುದೇ ಇಲ್ಲಿ ಮರ್ಯಾದೆ. ಅಲ್ಲಾಲನಿಗೂ ವರ್ಷಗಟ್ಟಲೆ ಅದೇ, ಜೊತೆಗೆ ಸಿಹಿ ಚಹಾ. ಮೈ ಇಳಿಯಿತು, ಹೊಟ್ಟೆ ಕಟ್ಟಿತು. "ಕಕ್ಕಸಿಗೆ ಹೋಗೋದು ಅಂದ್ರೆ ಮತ್ತೆ ಗಣಿಗಿಳಿದ ಹಾಗೆ. ತಿಣುಕಿ ತಿಣುಕಿ ಉಸಿರೇ ಸಿಗ್ತಿರಲಿಲ್ಲ" ಎನ್ನುತ್ತಾನೆ. ಕಳೆದ ಚಳಿಗಾಲ ಅಲ್ಲೇ ಕುಸಿದುಬಿದ್ದ.

ಆಸ್ಪತ್ರೆಯ ನರ್ಸ್ ಝುಲೈಖಾ ಬಿಡಿಸಿ ಹೇಳಿದರು: "ಖಾಲಾ, ಹೊಟ್ಟು ಕರುಳಿನ ಸಣ್ಣ ಜೀವಿಗಳಿಗೆ ಊಟ. ಅದನ್ನ ತಿಂದು ಅವು ಮಾಡೋ ರಸ ಮೈಯೊಳಗಿನ ಉರಿ ತಗ್ಗಿಸಬಹುದು ಅಂತಾರೆ. ಹೋದ ಎದೆ ವಾಪಸ್ ಬರಲ್ಲ. ಆದ್ರೆ ಹೊಟ್ಟೆ ಸಲೀಸಾದ್ರೆ ಉಸಿರಾಡೋಕೆ ಅಷ್ಟು ಹಗುರ. ಸ್ವಲ್ಪ ಸ್ವಲ್ಪವೇ ಕೊಡಿ, ನೀರು ಕುಡಿಸಿ."

"ಜರಡಿ ಕೆಳಗಿಡೋಕೆ ಕೈಯೇ ಬರಲಿಲ್ಲ. ಅಮ್ಮ ಎದುರಿಗೇ ನಿಂತ ಹಾಗಿತ್ತು" ಎನ್ನುತ್ತಾರೆ ಯಾಮ್ನಾ. ಇಟ್ಟ ಮೇಲೆ ಒಂದೇ ಸಲಕ್ಕೆ ಬೊಗಸೆ ತುಂಬ ಹೊಟ್ಟನ್ನು ಹಿಟ್ಟಿಗೆ ಸುರಿದರು. ಅಲ್ಲಾಲನ ಹೊಟ್ಟೆ ತಮಟೆಯಾಯಿತು, ಏದುಸಿರು ಹೆಚ್ಚಿತು. "ಬೂಸಾ ಹಾಕ್ತಿದ್ದೀಯಲ್ಲಕ್ಕಾ, ನಾಳೆ ಗಾಡಿಗೂ ಕಟ್ತೀಯಾ?" ಎಂದು ರೇಗಿದ. ಪಕ್ಕದ ಮನೆಯವಳದ್ದು ಇನ್ನೊಂದು: "ಒಡಹುಟ್ಟಿದವನಿಗೇ ಕೋಳಿ ಮೇವು."

ಯಾಮ್ನಾ ಬಿಡಲಿಲ್ಲ. ಒಂದು ಚಿಟಿಕೆಯಿಂದ ಮತ್ತೆ ಶುರುಮಾಡಿದರು. ಆಮೇಲೆ ಒಂದು ಹಿಡಿ, ಜೊತೆಗೆ ಬೇಳೆ ಸಾರು. ವಸಂತದ ಹೊತ್ತಿಗೆ ಅಲ್ಲಾಲ ಕಕ್ಕಸಿನಿಂದ ಸುಸ್ತಾಗದೆ ಹೊರಬಂದ, ಹಸಿವು ಅಂದ. "ಅವತ್ತು ಭಟ್ಟಿ ಹಿಂದೆ ಹೋಗಿ ಅತ್ತುಬಿಟ್ಟೆ" ಎಂದು ಯಾಮ್ನಾ ನಗುತ್ತಾರೆ. ಆ ಪಕ್ಕದ ಮನೆಯವಳೇ ಈಗ ಉಸಿರು ಸೋತ ತನ್ನ ಗಂಡನಿಗೂ ಕಂದು ರೊಟ್ಟಿ ಒಯ್ಯುತ್ತಾಳೆ.

ಬೆಳಕು ಹರಿಯುವಾಗ ಅಲ್ಲಾಲ ಗೋಡೆ ಹಿಡಿದು, ನಿಂತು ನಿಂತು, ತಾನೇ ಭಟ್ಟಿಗೆ ಬರುತ್ತಾನೆ. ಬಿಸಿ ರೊಟ್ಟಿ ಮುರಿದು ಆಲಿವ್ ಎಣ್ಣೆಗೆ ಅದ್ದುತ್ತಾನೆ.

"ಇನ್ನೊಂದು ಕೊಡಕ್ಕಾ."

"ಮೊದಲು ನೀರು ಕುಡಿ."

ತಾಯಿಗೆ ಕೊಟ್ಟ ಮಾತನ್ನು ಯಾಮ್ನಾ ಮುರಿದಿದ್ದಾರೆ.