ಚನ್ನಗಿರಿಯಲ್ಲಿ ನಾನು ಆಡಿದ ಹಾಲಮ್ಮನ ಮಾತು

ಚನ್ನಗಿರಿಯಲ್ಲಿ ಅಂದು ನಾನು ಆಡಿದ ಮಾತು ನನ್ನದಲ್ಲ. ಹಾಲಮ್ಮ ಎಂಬ ಹತ್ತನೇ ತರಗತಿಯ ಹುಡುಗಿಯದು. ಅದನ್ನು ಕದ್ದೆ. ಕದ್ದು ಸುಮ್ಮನಿದ್ದಿದ್ದರೆ ಹೇಗೋ ಏನೋ — ಕದ್ದ ಮಾತನ್ನೇ ಹಿಡಿದು ಆ ಹುಡುಗಿಯನ್ನು ಹೀಯಾಳಿಸಿದೆ.

ಅಲ್ಲಿನ ಶಾಲೆಯ ಉದ್ದನೆಯ ಸಭಾಂಗಣದಲ್ಲಿ ಆ ದಿನ ಯಾರು ಯಾರಿದ್ದರು ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಧ್ಯಕ್ಷರಾಗಿ ಉಬ್ರಾಣಿ ಕಡೆಯ ನಿವೃತ್ತ ಹೆಡ್ಮಾಸ್ತರರು. ಅವರ ಪಕ್ಕ ಊರಿನ ವಕೀಲರೊಬ್ಬರು. ಮುಂದಿನ ಬೆಂಚುಗಳಲ್ಲಿ ಹೊನ್ನಾಳಿ, ಕೆರೆಬಿಳಚಿ, ಜಗಳೂರುಗಳಿಂದ ಬಂದ ಮೇಷ್ಟ್ರುಗಳು. ಕಿಟಕಿಯ ಹತ್ತಿರ ಜಗಳೂರಿನ ತಿಪ್ಪೇಸ್ವಾಮಿ ಮೇಷ್ಟ್ರು, ತೊಡೆಯ ಮೇಲೆ ಒಂದು ಪುಟ್ಟ ನೋಟ್‌ಬುಕ್ಕು. ಹಾಲಮ್ಮ ಇರಲಿಲ್ಲ. ಅವಳು ನ್ಯಾಮತಿಯಲ್ಲಿ, ಅಪ್ಪನ ಟೈಲರ್ ಅಂಗಡಿಯ ಕಟ್ಟೆಯ ಮೇಲೆ, ಯಾರದೋ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದಿರಬೇಕು. ಅವಳ ಪ್ರಬಂಧ ನನ್ನ ಕೈಚೀಲದಲ್ಲಿತ್ತು.

ಎಪ್ಪತ್ತೊಂದರ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ರೇಡಿಯೋದ ಮುಂದೆ ಕೂತು ಕೇಳಿದ್ದೆಲ್ಲ ಜನರ ಬಾಯಲ್ಲಿ ಇನ್ನೂ ಹಸಿಯಾಗಿತ್ತು. 'ಅಷ್ಟು ದೇಶ ಕೂಡಿ ಕಟ್ಟಿದ ಸಂಸ್ಥೆ ಅಂತೀರಿ, ಒಂದು ಜಗಳ ಬಿಡಿಸಾಕೆ ಆಗಲಿಲ್ವಾ ಮೇಷ್ಟ್ರೇ?' ಎಂದು ಚಹಾ ಅಂಗಡಿಯಲ್ಲಿ ನನ್ನನ್ನು ಕೇಳದವರಿರಲಿಲ್ಲ. ನಾನು ನ್ಯಾಮತಿಯ ಶಾಲೆಯಲ್ಲಿ ಸಮಾಜ ಪಾಠದ ಮೇಷ್ಟ್ರು. ನನಗೆ ಉತ್ತರ ಗೊತ್ತಿರಬೇಕಿತ್ತು. ಅದೇ ಪ್ರಶ್ನೆಯನ್ನು ವಿಷಯವಾಗಿಟ್ಟುಕೊಂಡು ಚನ್ನಗಿರಿಯ ಕೆಲವು ಹಿರಿಯರು ಒಂದು ಸಭೆ ಏರ್ಪಡಿಸಿದರು — ಮೇಷ್ಟ್ರುಗಳಿಗೆ ಭಾಷಣ, ಮಕ್ಕಳಿಗೆ ಪ್ರಬಂಧ. ರಾಷ್ಟ್ರಗಳ ಜಗಳದಲ್ಲಿ ವಿಶ್ವಸಂಸ್ಥೆಯ ಕೈ ಎಲ್ಲಿಯವರೆಗೆ ಚಾಚುತ್ತದೆ? ಮಕ್ಕಳ ಪ್ರಬಂಧಗಳನ್ನು ಆಯಾ ಶಾಲೆಯ ಮೇಷ್ಟ್ರೇ ತಂದು ಒಪ್ಪಿಸಬೇಕು. ನಮ್ಮ ಶಾಲೆಯಿಂದ ಬರೆದವಳು ಹಾಲಮ್ಮ ಒಬ್ಬಳೇ.

ಹೊರಡುವ ಹಿಂದಿನ ದಿನ ಅವಳ ಅಪ್ಪ ರುದ್ರಪ್ಪ ಶಾಲೆಗೆ ಬಂದಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಸಾರ್, ಈಕೆ ಕಾಲೇಜು ಕಾಲೇಜು ಅಂತ ನನ್ನ ಜೀವ ತಿಂತಾಳೆ. ನಾನು ಕತ್ರಿ ಹಿಡಿಯೋನು, ನನಗೇನು ತಿಳಿತೈತೆ? ಓದಾಕೆ ಲಾಯಕ್ಕೋ ಅಲ್ವೋ ತಿಳಿದೋರು ಹೇಳ್ಬೇಕು. ಚನ್ನಗಿರಿಯಾಗ ಈಕೀದು ಆರಿಸಿದ್ರೆ ಹೊನ್ನಾಳಿ ಕಾಲೇಜಿಗೆ ಹಾಕ್ತೀನಿ, ಮಾತು ಅಂದ್ರೆ ಮಾತು. ಇಲ್ಲಾಂದ್ರೆ ಜಗಳೂರ ಕಡೆಯಿಂದ ಸಂಬಂಧ ಬಂದೈತೆ, ಮಾಡಿ ಕೈ ತೊಳ್ಕೊಂತೀನಿ."

"ಆರಿಸ್ತಾರೆ ಬಿಡಿ ರುದ್ರಪ್ಪನೋರೇ" ಎಂದೆ. ಆಗಿನ್ನೂ ನಾನು ಅದನ್ನು ಓದಿರಲಿಲ್ಲ.

ಓದಿದ್ದು ಬಸ್ಸಿನಲ್ಲಿ. ಹೊನ್ನಾಳಿ ದಾಟಿದ ಮೇಲೆ ನನ್ನ ಭಾಷಣವನ್ನು ಮತ್ತೊಮ್ಮೆ ನೋಡಿಕೊಂಡೆ. ವಿಶ್ವಸಂಸ್ಥೆಯ ಸನ್ನದಿನ ಕಲಮುಗಳ ಸಂಖ್ಯೆ, ಮಂಡಳಿಗಳ ಹೆಸರು, ಸ್ಥಾಪನೆಯ ಉದ್ದೇಶ — ಒಣಗಿದ ರೊಟ್ಟಿ. ಅದನ್ನು ಮಡಚಿಟ್ಟು ಅವಳ ಹಾಳೆಗಳನ್ನು ತೆಗೆದೆ.

ಹಾಲಮ್ಮ ಬರೆದಿದ್ದಳು: ತನ್ನ ಅಜ್ಜ ಊರಿನ ಪಂಚಾಯ್ತಿಗೆ ಕೂರುವ ಹಿರಿಯರಲ್ಲಿ ಒಬ್ಬ. ಯಾವುದೇ ನ್ಯಾಯವಿರಲಿ, ಮೊದಲು ನಡುವೆ ಒಂದು ತಟ್ಟೆಯಲ್ಲಿ ಎಲೆ-ಅಡಿಕೆ ಇಡುತ್ತಾರೆ. ಎರಡೂ ಕಡೆಯವರು ಬಂದು ವೀಳ್ಯ ಎತ್ತಿಕೊಂಡರೆ, ಹಿರಿಯರು ಹೇಳಿದ್ದಕ್ಕೆ ತಲೆಬಾಗುತ್ತೇವೆ ಎಂದು ಮಾತು ಕೊಟ್ಟಂತೆ. ಆಮೇಲೆಯೇ ವಿಚಾರಣೆ. ಒಮ್ಮೆ ಅಣ್ಣತಮ್ಮಂದಿರ ಬದುವಿನ ಜಗಳ ಬಂತು. ತಮ್ಮ ವೀಳ್ಯ ಎತ್ತಿಕೊಂಡ. ಅಣ್ಣ, 'ನನ್ನ ಹೊಲ, ನನ್ನ ಬದು, ಕೇಳಾಕೆ ನೀವ್ಯಾರು?' ಎಂದು ಕೈಮುಗಿದು ಹೊರಟೇ ಹೋದ. ಹಿರಿಯರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. ಅಷ್ಟೇ. ಅವನನ್ನು ಎಳೆದು ತರಲು ಅವರಿಗೆ ಪೊಲೀಸರೂ ಇಲ್ಲ, ಸಂಕೋಲೆಯೂ ಇಲ್ಲ.

'ರಾಷ್ಟ್ರಗಳ ನ್ಯಾಯಾಲಯದಲ್ಲೂ ಹೀಗೆಯೇ' ಎಂದು ಬರೆದಿದ್ದಳು. 'ವೀಳ್ಯ ಮುಟ್ಟದ ದೇಶಕ್ಕೆ ತೀರ್ಪಿಲ್ಲ. ಭದ್ರತಾ ಮಂಡಳಿ ಎಂಬ ಇನ್ನೊಂದು ಕಟ್ಟೆ ಇದೆ, ಅದಕ್ಕೆ ಬಲ ಹೆಚ್ಚು. ಆದರೆ ಅಲ್ಲಿ ಐದು ದೊಡ್ಡ ಮನೆಗಳಿವೆ, ಅವುಗಳಲ್ಲಿ ಒಂದು ಬೇಡವೆಂದರೂ ತಟ್ಟೆಯನ್ನೇ ಎತ್ತಿಬಿಡುತ್ತಾರೆ.'

ಕೊನೆಗೆ ಒಂದು ಪ್ಯಾರಾ. ಎದ್ದು ಬಂದ ಅಜ್ಜನನ್ನು ಅವಳು ಕೇಳಿದಳಂತೆ: ಅವನು ಕೇಳದಿದ್ದ ಮೇಲೆ ನೀವು ಕೂತದ್ದು ಯಾಕೆ? ಅಜ್ಜ ಹೇಳಿದನಂತೆ: 'ಇವತ್ತು ಮುಟ್ಟಲಿಲ್ಲ ಮಗಾ, ನಾಳೆ ಮುಟ್ಟಾನು. ತಟ್ಟೆನೇ ಇಡದಿದ್ರೆ ಅವ್ನು ಮುಟ್ಟೋದು ಏನನ್ನ?'

ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ನಾನು ಬೆಳೆದ ಮನೆಯಲ್ಲೂ ಆ ತಟ್ಟೆ ಇತ್ತು. ನನ್ನ ದೊಡ್ಡಪ್ಪ ಕೂರುತ್ತಿದ್ದ ಪಂಚಾಯ್ತಿಗಳಲ್ಲಿ ನೂರು ಸಲ ನೋಡಿದ್ದೇನೆ. ನಾನು ಮಾತು ಕಲಿತದ್ದೇ ಆ ಹಿರಿಯರ ಬಾಯಿಂದ — ಗಾದೆ, ಒಗಟು, ಯಾರದೋ ಮನೆಯ ಕಥೆ. ಅದೆಲ್ಲ ನನ್ನಲ್ಲಿತ್ತು, ಅದಕ್ಕೂ ನಾನು ಕಲಿಸುವ ಪಾಠಕ್ಕೂ ಸಂಬಂಧವಿದೆ ಎಂದು ಮಾತ್ರ ಒಂದು ದಿನವೂ ಹೊಳೆಯಲಿಲ್ಲ. ಹದಿನಾರು ವರ್ಷದ ಹುಡುಗಿಗೆ ಹೊಳೆಯಿತು. ಕದಿಯುವವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಇದು ನನಗೂ ಗೊತ್ತಿದ್ದದ್ದೇ, ಎಲ್ಲರ ಹಿರಿಯರದ್ದೇ, ಇದಕ್ಕೆ ಯಾರು ಒಡೆಯರು —

ವೇದಿಕೆ ಹತ್ತಿದಾಗ ಕದಿಯಬೇಕೆಂದು ಹತ್ತಲಿಲ್ಲ. ಇದನ್ನು ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ. ಎರಡು ಕಲಮು ಹೇಳುವಷ್ಟರಲ್ಲಿ ಅಧ್ಯಕ್ಷರು ಆಕಳಿಸಿದರು. ವಕೀಲರು ಗಡಿಯಾರ ನೋಡಿಕೊಂಡರು. ನನ್ನ ನಾಲಗೆ ತಾನಾಗಿ ತಿರುಗಿತು: "ನಮ್ಮ ಕಡೆ ಪಂಚಾಯ್ತಿ ಕೂರುವಾಗ ಒಂದು ತಟ್ಟೆ ಇಡುತ್ತಾರೆ..." ಆಕಳಿಕೆ ಅರ್ಧಕ್ಕೇ ನಿಂತಿತು. ಕಥೆ ಹೇಳುವುದು ನನಗೆ ಬರುತ್ತಿತ್ತು. ಅಣ್ಣನ ಗತ್ತು, ಟವೆಲ್ ಕೊಡವುವ ಸದ್ದು, ಎಲ್ಲವನ್ನೂ ಮಾಡಿ ತೋರಿಸಿದೆ. ಅವಳ ಅಜ್ಜನನ್ನು ನನ್ನ ದೊಡ್ಡಪ್ಪನನ್ನಾಗಿ ಮಾಡಿದೆ. 'ತಟ್ಟೆನೇ ಇಡದಿದ್ರೆ' ಎಂಬಲ್ಲಿಗೆ ಬಂದಾಗ ಇಡೀ ಸಭೆಯೇ ಚಪ್ಪಾಳೆ ತಟ್ಟಿತು. ತಿಪ್ಪೇಸ್ವಾಮಿ ಮೇಷ್ಟ್ರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು.

ಇಳಿದು ಬಂದ ಮೇಲೆ ತಿಳಿಯಿತು ನಾನು ಏನು ಮಾಡಿದೆ ಎಂದು. ಪ್ರಬಂಧಗಳನ್ನು ನೋಡುವವರು ಅದೇ ಅಧ್ಯಕ್ಷರು, ಅದೇ ವಕೀಲರು. ಅವಳ ಹಾಳೆ ಒಪ್ಪಿಸಿದರೆ ನಾನು ಕಳ್ಳ. ಎದ್ದು ನಿಂತು, ಸ್ವಾಮಿ, ಈ ಮಾತು ನನ್ನ ವಿದ್ಯಾರ್ಥಿನಿಯದು ಎಂದಿದ್ದರೆ? ಬಹುಶಃ ಇನ್ನೂ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟೇ ಸುಲಭವಿತ್ತು. ನಾನು ಮಾಡಲಿಲ್ಲ.

"ನಿಮ್ಮ ಶಾಲೇದು ಯಾವುದೂ ಇಲ್ವಾ ಮೇಷ್ಟ್ರೇ?" ಎಂದರು ಪ್ರಬಂಧ ಕೂಡಿಸುತ್ತಿದ್ದವರು.

"ಈ ಸಲ ಯಾರೂ ಬರೆಯಲಿಲ್ಲ" ಎಂದೆ.

ನಾಲಗೆ ಜಾರಿತು ಎನ್ನಬಹುದಾದದ್ದು ಮೊದಲನೆಯದು. ಇದನ್ನು ತಿಳಿದೇ ಮಾಡಿದೆ.

ಮರುದಿನ ಗಂಟೆ ಹೊಡೆಯುವ ಮೊದಲೇ ಅವಳು ಸ್ಟಾಫ್‌ರೂಮಿನ ಬಾಗಿಲಲ್ಲಿದ್ದಳು.

"ಏನಾತು ಸಾರ್?"

"ಆಯ್ಕೆ ಆಗಲಿಲ್ಲಮ್ಮ."

ಅವಳು ಅಳಲಿಲ್ಲ. "ಎಲ್ಲಿ ತಪ್ಪಾಗಿತ್ತು ಸಾರ್?" ಎಂದಳು. ಒಳ್ಳೆಯ ವಿದ್ಯಾರ್ಥಿ ಕೇಳುವ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರ — ಬರೆಯಲು ಕೈ ಬರುತ್ತಿಲ್ಲ, ಆದರೂ ಇದಕ್ಕಾಗಿಯೇ ತಾನೆ ಕೂತಿರುವುದು:

"ಅಷ್ಟು ದೊಡ್ಡ ವಿಷಯಕ್ಕೆ ಎಲೆ-ಅಡಿಕೆ ತಟ್ಟೆ ಹಿಡ್ಕೊಂಡು ಹೋದ್ರೆ ನಗೋದಿಲ್ವೇನಮ್ಮ ಜನ?"

ಸ್ಟಾಫ್‌ರೂಮಿನಲ್ಲಿ ಒಬ್ಬಿಬ್ಬರು ನಕ್ಕರು. ಅವಳು, "ಹೌದಲ್ವಾ ಸಾರ್" ಎಂದಳು. ಒಪ್ಪಿಕೊಂಡುಬಿಟ್ಟಳು. ಪರೀಕ್ಷೆ ಮುಗಿದ ಬೇಸಗೆಯಲ್ಲಿ ಮದುವೆಯಾಯಿತು. ರುದ್ರಪ್ಪ ಲಗ್ನಪತ್ರಿಕೆ ಕೊಡಲು ಬಂದಾಗ, "ಪಾಪ, ನೀವೂ ಬಾಳ ಪ್ರಯತ್ನ ಮಾಡಿದ್ರಿ" ಎಂದು ನನಗೇ ಸಮಾಧಾನ ಹೇಳಿ ಹೋದರು. ನಾನು ಮದುವೆಗೆ ಹೋಗಲಿಲ್ಲ.

ಆಮೇಲೆ ನನಗೆ 'ವೀಳ್ಯದ ಮೇಷ್ಟ್ರು' ಎಂಬ ಹೆಸರೇ ಬಿತ್ತು. ಹೊನ್ನಾಳಿಯಲ್ಲಿ ಒಂದು ಸಭೆ, ಚನ್ನಗಿರಿಯಲ್ಲಿ ಇನ್ನೊಂದು. ಎಲ್ಲಿ ಹೋದರೂ, ಅದೊಂದು ವೀಳ್ಯದ ಕಥೆ ಹೇಳ್ರಿ ಎನ್ನುತ್ತಿದ್ದರು. ಹೇಳುತ್ತಿದ್ದೆ. ಹೇಳಿ ಇಳಿದು ಬಂದರೆ, ಸುತ್ತ ಅಷ್ಟು ಜನ ನಿಂತು ಕೈಕುಲುಕುವಾಗಲೂ, ಊರಾಚೆಯ ಕಲ್ಲಿನ ಮೇಲೆ ಒಬ್ಬನೇ ಕೂತಂತೆ. ಮನೆಯಲ್ಲಿ ಕಥೆ ಹೇಳುವುದನ್ನು ಬಿಟ್ಟೆ. ಯಾವ ಕಥೆ ನಾಲಗೆಗೆ ಬಂದರೂ, ಇದು ಯಾರದು ಎಂದು ಒಳಗೆ ಯಾರೋ ಕೇಳುತ್ತಿದ್ದರು. "ಊರಿಗೆಲ್ಲ ನಿಮ್ಮ ಮಾತು ಬೇಕಂತೆ, ನನ್ನ ಪಾಲಿಗೆ ಗೋಡೆ" ಎಂದಳು ನನ್ನ ಹೆಂಡತಿ ಒಮ್ಮೆ, ತಮಾಷೆಗೆ. ಅವಳಿಗೂ ಹೇಳಲಿಲ್ಲ. ತೀರಿಕೊಳ್ಳುವವರೆಗೂ ಅವಳು ಆ ಕಥೆಯ ತಟ್ಟೆ ನನ್ನ ದೊಡ್ಡಪ್ಪನದೆಂದೇ ನಂಬಿದ್ದಳು.

ಎಂಬತ್ತರ ದಶಕದ ಕೊನೆಗೆ ನನಗೆ ಹೆಡ್ಮಾಸ್ತರನಾಗಿ ಬಡ್ತಿಯಾಯಿತು, ಜಗಳೂರಿಗೆ. ತಿಪ್ಪೇಸ್ವಾಮಿ ಮೇಷ್ಟ್ರು ಅದೇ ಶಾಲೆಯಲ್ಲಿದ್ದರು. ಒಬ್ಬನೇ ಕೋಣೆ ಹಿಡಿದಿದ್ದ ನನಗೆ ಮನೆಯಿಂದ ಬುತ್ತಿ ತರುತ್ತಿದ್ದ ಒಳ್ಳೆಯ ಮನುಷ್ಯ.

ಜೂನ್ ತಿಂಗಳ ದಾಖಲಾತಿ. ಎಂಟನೇ ತರಗತಿಗೆ ಮಗಳನ್ನು ಸೇರಿಸಲು ಒಬ್ಬ ಹೆಂಗಸು ಬಂದಳು. ಫಾರಂ ತುಂಬಿದ ಕೈಬರಹವನ್ನು ಮೊದಲು ಗುರುತಿಸಿದೆ, ಮುಖವನ್ನು ಆಮೇಲೆ.

"ಸಾರ್, ನಾನು ಹಾಲಮ್ಮ, ನ್ಯಾಮತಿ ಟೈಲರ್ ರುದ್ರಪ್ಪನ ಮಗಳು. ನೀವು ಇಲ್ಲಿದ್ದೀರಿ ಅಂತ ಕೇಳಿ ಬಾಳ ಖುಷಿ ಆತು." ಮಗಳ ಬೆನ್ನ ಮೇಲೆ ಕೈಯಿಟ್ಟಳು. "ಇವಳಿಗೆ ಬರೆಯೋದು ಅಂದ್ರೆ ಆಸೆ. ನನ್ನಂಗೆ ದಡ್ಡಿ ಆಗ್ಬಾರ್ದು, ಹೇಳ್ಕೊಡ್ರಿ."

ನಾನು ಏನಾದರೂ ಅನ್ನುವ ಮೊದಲೇ ಪಕ್ಕದ ಕುರ್ಚಿಯಿಂದ ತಿಪ್ಪೇಸ್ವಾಮಿ ಮೇಷ್ಟ್ರು ನಕ್ಕರು. "ಯಾರ ಕೈಗೆ ಒಪ್ಪಿಸ್ತಿದೀಯ ಗೊತ್ತೇನವ್ವಾ? ವೀಳ್ಯದ ಮೇಷ್ಟ್ರು ಇವ್ರು!"

"ಹಂಗಂದ್ರೆ ಏನ್ ಸಾರ್?"

ಅವರು ಹೇಳಿದರು. ಹದಿನೈದು ವರ್ಷದ ಹಿಂದೆ ಬರೆದುಕೊಂಡದ್ದು ಬಾಯಿಪಾಠವಾಗಿತ್ತು ಅವರಿಗೆ. ತಟ್ಟೆ, ಅಣ್ಣತಮ್ಮಂದಿರು, ಬದು, ಐದು ದೊಡ್ಡ ಮನೆ. ನಾನು, "ಸಾಕು ಬಿಡ್ರಿ" ಎಂದೆ. ವಿನಯವೆಂದುಕೊಂಡು ಅವರು ಇನ್ನೂ ಹುರುಪಿನಿಂದ ಹೇಳಿದರು. ಹಾಲಮ್ಮ ಕೇಳುತ್ತಾ ಮೊದಲು ನಕ್ಕಳು, ಪರಿಚಯದವರನ್ನು ಸಂತೆಯಲ್ಲಿ ಕಂಡವರ ಹಾಗೆ. ಆಮೇಲೆ ನಗು ನಿಂತಿತು. ಕೊನೆಯ ಮಾತಿಗೆ, 'ತಟ್ಟೆನೇ ಇಡದಿದ್ರೆ' ಎಂಬುದಕ್ಕೆ, ಅವಳ ತುಟಿಯೂ ಸದ್ದಿಲ್ಲದೆ ಆಡಿತು.

"ಇದು ಚನ್ನಗಿರಿಯಾಗಾ ಸಾರ್?" ಎಂದು ಅವರನ್ನು ಕೇಳಿದಳು.

"ಹೂಂ ಮತ್ತೆ. ಏನು ಚಪ್ಪಾಳೆ ಅಂತೀಯ!"

ನನ್ನ ಕಡೆ ತಿರುಗಿದಳು. "ಹಂಗಾದ್ರೆ ಆಯ್ಕೆ ಆಗಿತ್ತು."

ತಿಪ್ಪೇಸ್ವಾಮಿ ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

ಮಗಳನ್ನು ಕರೆದುಕೊಂಡು ಹೊರಟ ಅವಳ ಹಿಂದೆಯೇ ವರಾಂಡಕ್ಕೆ ಹೋದೆ. ತಪ್ಪಾಯಿತು ಎಂದೆ. ಹಾಳೆಗಳು ಇನ್ನೂ ನನ್ನ ಪೆಟ್ಟಿಗೆಯಲ್ಲಿವೆ ಎಂದೆ. ಏನು ಹೇಳುತ್ತೀಯೋ ಹೇಳು, ಮಾಡುತ್ತೇನೆ ಎಂದೆ. ಅವಳು ಮಗಳನ್ನು ಮುಂದೆ ಕಳಿಸಿ ನನ್ನ ಕಡೆ ತಿರುಗಿದಳು.

"ನಮ್ಮಪ್ಪ ಸಾಯೋತನಕ ಅಂತಿದ್ದ ಸಾರ್, 'ನಿನಗೆ ಓದು ಹತ್ತಲ್ಲ ಅಂತ ತಿಳಿದೋರೇ ಹೇಳಿದ್ರಲ್ಲವ್ವಾ' ಅಂತ. ನಾನೂ ನಂಬಿದ್ದೆ. ನಂಗೆ ತಪ್ಪಾತು ಅಂದ್ರೆ ನಾನೇನು ಮಾಡ್ಲಿ? ಚಪ್ಪಾಳೆ ತಟ್ಟಿದೋರಿಗೆ ಹೇಳ್ರಿ."

ತಿಪ್ಪೇಸ್ವಾಮಿ ಮೇಷ್ಟ್ರಿಗೆ ಆ ಸಂಜೆಯೇ ಹೇಳಿದೆ. ಮರುದಿನದಿಂದ ಬುತ್ತಿ ಬರಲಿಲ್ಲ. ಅಧ್ಯಕ್ಷರೂ ವಕೀಲರೂ ಆಗಲೇ ತೀರಿಕೊಂಡಿದ್ದರು. ಉಳಿದವರು ಎಲ್ಲೆಲ್ಲಿದ್ದಾರೋ — ಅವರಿಗಾಗಿ ಇದನ್ನು ಬರೆದಿದ್ದೇನೆ. ನೀವು ಅಂದು ಚಪ್ಪಾಳೆ ತಟ್ಟಿದ್ದು ಹಾಲಮ್ಮನಿಗೆ. ಹದಿನಾರು ವರ್ಷದವಳು, ನ್ಯಾಮತಿಯವಳು. ಕಥೆಯಲ್ಲಿನ ಹಿರಿಯ ಅವಳ ಅಜ್ಜ, ನನ್ನ ದೊಡ್ಡಪ್ಪನಲ್ಲ. ನೀವು ಯಾರಿಗಾದರೂ ಆ ಮಾತನ್ನು ನನ್ನ ಹೆಸರಿನಲ್ಲಿ ಹೇಳಿದ್ದರೆ, ದಯವಿಟ್ಟು ತಿದ್ದಿ ಹೇಳಿ.

ಅಂದು ಹಾಲಮ್ಮ ಮೇಜಿನ ಮೇಲಿದ್ದ ದಾಖಲಾತಿ ಫಾರಂ ವಾಪಸು ತೆಗೆದುಕೊಂಡು ಹೋದಳು. ಮಗಳನ್ನು ಊರಿನ ಆಚೆ ತುದಿಯ ಇನ್ನೊಂದು ಶಾಲೆಗೆ ಸೇರಿಸಿದಳು. ಅವರ ಮನೆಗೆ ಹತ್ತಿರವಿದ್ದದ್ದು ನಮ್ಮ ಶಾಲೆ. ಪ್ರತಿದಿನ ಬೆಳಿಗ್ಗೆ, ನಾನು ಪ್ರಾರ್ಥನೆಗೆ ನಿಂತಿರುವ ಹೊತ್ತಿಗೆ, ತಾಯಿ ಮಗಳು ಇಬ್ಬರೂ ನಮ್ಮ ಗೇಟಿನ ಮುಂದೆ ಮಾತಾಡಿಕೊಳ್ಳುತ್ತಾ ನಡೆದು ಹೋಗುತ್ತಿದ್ದರು.